ಗುಬ್ಬಿ ಕಂಪನಿಯ ಪರದೆಗಳಿಗೆ ಮನೆಯೆಲ್ಲಿ?

ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದಕ್ಕೆ ಹತ್ತು ವರ್ಷ ಮುಂಚೆ ಪ್ಯಾರಿಸ್ಸಿನಲ್ಲಿ ಇಂಪ್ರೆಷನಿಸ್ಟ್ ಚಿತ್ರಕಾರರು ತಮ್ಮ ಮೊದಲ ಪ್ರದರ್ಶನ ನಡೆಸಿದ್ದರು. ಮೋನೆ ಬರೆದ ಸೂರ್ಯೋದಯದ ಚಿತ್ರಕ್ಕಿಂತ ಗೋಡೆಗೆ ಅಂಟಿಸುವ ಕಾಗದವೇ ವಾಸಿ ಎಂದು ಲೂಯಿ ಲೆರ್ವಾ ಎಂಬ ವಿಮರ್ಶಕ ಆಗ ಗೇಲಿ ಮಾಡಿದ. ಇವತ್ತು ಆ ಗುಂಪಿನವರ ಚಿತ್ರಗಳನ್ನು ನೋಡಲು ಒರ್ಸೇ ಮ್ಯೂಸಿಯಂನ ಮುಂದೆ ಜಗತ್ತೇ ಸಾಲುಗಟ್ಟುತ್ತದೆ. ಒಳ್ಳೆಯದು ತಾನಾಗಿ ಉಳಿದುಕೊಳ್ಳುತ್ತದೆ ಎಂದು ಅಲ್ಲಿ ನಿಂತವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಡೆದದ್ದು ಬೇರೆ. ಗುಸ್ತಾವ್ ಕಾಯ್‌ಬಾಟ್ ಎಂಬ ಸ್ಥಿತಿವಂತ ಗೆಳೆಯ ತನ್ನ ಜೊತೆಗಾರರ ಚಿತ್ರಗಳನ್ನು ಕೊಂಡು ಕೂಡಿಟ್ಟ. 1894ರಲ್ಲಿ ತೀರಿಕೊಂಡಾಗ ಅವೆಲ್ಲ ಉಯಿಲಿನ ಪ್ರಕಾರ ಸರ್ಕಾರಕ್ಕೆ ಸೇರಬೇಕಾಗಿತ್ತು. ಹೆಸರಾಂತ ಕಲಾವಿದರೇ ಅಡ್ಡ ಬಂದರು. ಸರ್ಕಾರ ಎಳೆದಾಡಿ, ಕೊನೆಗೆ ಸುಮಾರು 40 ಚಿತ್ರಗಳನ್ನಷ್ಟೇ ಒಪ್ಪಿಕೊಂಡಿತು. ಒರ್ಸೇಯ ಬುನಾದಿಯಲ್ಲಿ ಈ ಉಯಿಲಿನ ಪಾಲು ದೊಡ್ಡದು. ಗುಬ್ಬಿಯ ಪರದೆಗಳಿಗೆ ಇಲ್ಲದೆ ಹೋದದ್ದು ಇಂಥ ಒಬ್ಬ ಕಾಯ್‌ಬಾಟ್.

ಪರದೆ ಎಂದರೆ ಏನಾಗಿತ್ತು ಎಂಬುದನ್ನು ಮೊದಲು ನೋಡಬೇಕು. ತುಮಕೂರು ಸೀಮೆಯ ಹಳ್ಳಿಗರಿಗೆ ಬಣ್ಣದ ಚಿತ್ರ ಹೊಸದಲ್ಲ. ಶಿರಾ ದಾರಿಯ ಸೀಬಿ ನರಸಿಂಹಸ್ವಾಮಿ ಗುಡಿಯ ಛಾವಣಿಯಲ್ಲಿ ಪುರಾಣದ ಕತೆಗಳು, ದರ್ಬಾರುಗಳು ಪಟ್ಟಿಪಟ್ಟಿಯಾಗಿ ಸಾಗುತ್ತವೆ. ಆದರೆ ದೂರ ಹೋದಂತೆ ಸಣ್ಣದಾಗುವ ಕಂಬಸಾಲು, ಮರಗಳ ಹಿಂದೆ ಮಸುಕಾಗುವ ಬೆಟ್ಟ, ಇಂಥ ನೋಟ ಆಳೆತ್ತರ ಮೀರಿದ ಬಟ್ಟೆಯ ಮೇಲೆ ಅವರೆದುರು ಬಿಚ್ಚಿಕೊಂಡದ್ದು ಕಂಪನಿ ನಾಟಕದ ಟೆಂಟಿನಲ್ಲಿ. ಪಾರ್ಸಿ ಮತ್ತು ಮರಾಠಿ ಕಂಪನಿಗಳಿಂದ ಕಲಿತ ಈ ವಿದ್ಯೆ ಬೀದಿ ಸೀನು, ಕಾಡಿನ ಸೀನು, ದರ್ಬಾರ್ ಸೀನು ಎಂದು ನಮ್ಮದೇ ಆಯಿತು. ಮೋನೆ ಬಯಲಿಗೆ ಹೋಗಿ ಹಗಲ ಬೆಳಕನ್ನು ಹಿಡಿಯಲು ಹೆಣಗಿದ. ಪರದೆ ಬರೆಯುವವನಿಗಿದ್ದ ತೊಡಕು ಅದಕ್ಕೆ ತಿರುಗಾಮುರುಗಾ. ರಾತ್ರಿಯ ದೀಪದಲ್ಲಿ, ಹಿಂದಿನ ಸಾಲಿನ ಚಾಪೆಯವನಿಗೂ ಅದು ಹಗಲಿನಂತೆ ಕಾಣಬೇಕಿತ್ತು. 1934ರಲ್ಲಿ ಕಂಪನಿಯ ಒಡೆಯರಾದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಜೀವಂತ ಆನೆಯ ಹಿಂದೆ ನಿಂತೂ ಸುಳ್ಳೆನಿಸದ ರಣರಂಗವನ್ನು ಬರೆಯುವುದು ಸಾಮಾನ್ಯ ಕುಂಚದ ಕೆಲಸವಲ್ಲ.

ಇಂಥ ಪರದೆಗಳನ್ನೂ ಮ್ಯೂಸಿಯಂ ಕಾಯಬೇಕು ಎಂದರೆ ಎದುರು ಮಾತುಗಳಿವೆ. ಪರದೆ ಬರೆದದ್ದು ಕಸುಬು, ಒಂದೇ ಮಾದರಿಯ ನಕಲು. ಅದನ್ನು ಮೋನೆಯ ಪಕ್ಕ ಇಡುವುದೇ ಅತಿಯಾಯಿತು ಎನ್ನಬಹುದು. ನಕಲಿನ ಮಾತು ಬಹುಮಟ್ಟಿಗೆ ನಿಜ. ಆದರೆ ಮ್ಯೂಸಿಯಂ ಇರುವುದು ಬಹುಮಾನ ಹಂಚಲಲ್ಲ. ಒಂದು ಕಾಲದ ಜನ ಹೇಗೆ ನೋಡಲು ಕಲಿತರು ಎಂಬುದಕ್ಕೆ ಸಾಕ್ಷಿ ಕಾಯುವುದೂ ಅದರ ಕೆಲಸ. ಗೋಡೆ ಕಾಗದದ ಹೋಲಿಕೆಯಿಂದಲೇ ಮೋನೆಯನ್ನು ಹಳಿದಿದ್ದರು ಎಂಬುದನ್ನೂ ಮರೆಯಬಾರದು. ಊರೂರು ಸುತ್ತಿ, ಮಳೆಗೆ ನೆನೆದು, ಮಡಿಸಿ ಬಿಚ್ಚಿ ಸವೆಯುವ ಬಟ್ಟೆಯನ್ನು ಯಾರು ಕಾಪಾಡಲು ಸಾಧ್ಯ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅದಕ್ಕೆ ಉತ್ತರ ಒರ್ಸೇಯಲ್ಲೇ ಇದೆ: ಪ್ಯಾರಿಸ್ ಒಪೆರಾ ಕಟ್ಟಡದ ಮಾದರಿಯ ಜೊತೆಗೆ ರಂಗಸಜ್ಜಿಕೆಯ ಪುಟ್ಟ ಮಾದರಿಗಳನ್ನೂ ಅಲ್ಲಿ ಇಟ್ಟಿದ್ದಾರೆ. ಮೂಲ ಉಳಿಯದಿದ್ದರೆ ಮಾದರಿ, ಫೋಟೊ, ಒಂದು ತುಂಡು ಬಟ್ಟೆಯಾದರೂ ಆದೀತು.

ವೀರಣ್ಣನವರ ನೆನಪು ಮಾಸಿಲ್ಲ. ಅವರ ಆತ್ಮಕಥೆ ‘ಕಲೆಯೇ ಕಾಯಕ’ ಇದೆ, ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ, ಅವರ ಕಂಪನಿಯಲ್ಲಿ ಬೆಳೆದ ರಾಜ್‌ಕುಮಾರ್ ಮತ್ತು ಬಿ.ವಿ. ಕಾರಂತರ ಹೆಸರು ಮನೆಮಾತಾಗಿದೆ. ನಟನಿಗೆ ಸಿಕ್ಕ ಈ ಮನ್ನಣೆಯಲ್ಲಿ ಚಿತ್ರಕಾರನಿಗೆ ಪಾಲು ಬರಲಿಲ್ಲ. ಕುಣಿಗಲ್, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಜಾತ್ರೆಗೆ ‘ಕುರುಕ್ಷೇತ್ರ’ ಆಡುತ್ತಾರೆ, ಬಾಡಿಗೆ ಸೀನರಿ ತರುತ್ತಾರೆ. ಕೈಯಲ್ಲಿ ಬರೆದ ಪರದೆಗೆ ಈಗ ಫ್ಲೆಕ್ಸ್ ಪೈಪೋಟಿ ಕೊಡುತ್ತಿದೆ. ಕಲಾಕ್ಷೇತ್ರದ ಒಂದು ಗೋಡೆಯನ್ನು ಹಳೆಯ ಪರದೆಗಳಿಗೆ ಬಿಟ್ಟುಕೊಡುವುದು ದುಬಾರಿ ಕೆಲಸವೇನಲ್ಲ. ಅಲ್ಲಿಯತನಕ, ನಿಮ್ಮೂರ ನಾಟಕ ಮಂಡಳಿಯ ಅಟ್ಟದಲ್ಲಿ ಕೈಯಲ್ಲಿ ಬರೆದ ಹಳೆಯ ಪರದೆಯೇನಾದರೂ ಇದ್ದರೆ ಅದನ್ನು ಒಗೆಯಬೇಡಿ, ಮಡಿಸಬೇಡಿ. ಕೊಳವೆಗೆ ಸುತ್ತಿ ಒಣ ಜಾಗದಲ್ಲಿಡಿ. ಬರೆದವರ ಹೆಸರು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಟ್ಟಿ.