ಕರೆಂಟ್ ಕೊಟ್ಟರೆ ಮಗುವಿನ ಉಸಿರಾಟ ಸುಧಾರಿಸುತ್ತದೆಯೇ? ಇನ್ನೂರು ವರ್ಷದ ಕಥೆ

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಯಲ್ಲಿ ನಡಿಗೆ ಮತ್ತು ಮಾತಿನದ್ದೇ ದೊಡ್ಡ ಚಿಂತೆ. ಆದರೆ ತೊಂದರೆ ತೀವ್ರವಾಗಿರುವ ಮಕ್ಕಳ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಎದೆಯ ಸೋಂಕು. ಹೊಟ್ಟೆಯ ಸ್ನಾಯುಗಳಿಗೆ ಬಲವಿಲ್ಲದಿದ್ದರೆ ಗಟ್ಟಿಯಾಗಿ ಕೆಮ್ಮಲು ಆಗುವುದಿಲ್ಲ, ಕಫ ಒಳಗೇ ಉಳಿಯುತ್ತದೆ. ಸಣ್ಣ ಕರೆಂಟ್ ಕೊಟ್ಟು ಆ ಬಲ ತುಂಬಬಹುದೇ?

ಕಥೆ ಶುರುವಾಗುವುದು ಇಟಲಿಯಲ್ಲಿ. ಸತ್ತ ಕಪ್ಪೆಯ ಕಾಲು ವಿದ್ಯುತ್ ತಾಗಿದರೆ ಅದುರುತ್ತದೆ ಎಂದು ಲುಯಿಜಿ ಗಾಲ್ವಾನಿ 1791ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ವೈದ್ಯ ಡುಶೆನ್ ಚರ್ಮ ಕೊಯ್ಯದೆ, ಮೇಲಿನಿಂದಲೇ ಒಂದೊಂದು ಸ್ನಾಯುವಿಗೆ ಕರೆಂಟ್ ಕೊಡುವ ವಿಧಾನ ರೂಪಿಸಿ 1855ರಲ್ಲಿ ಪುಸ್ತಕ ಬರೆದರು. ಇಂದಿನ ಫಿಸಿಯೋಥೆರಪಿ ಯಂತ್ರಗಳ ಬೇರು ಅಲ್ಲಿದೆ.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯರಿದ್ದರು. ಬಾಲ್ಯದಿಂದಲೇ ಅವರ ಒಂದು ಪಾದ ತಿರುಚಿಕೊಂಡಿತ್ತು. ಮಕ್ಕಳ ಕೈಕಾಲು ಸೆಟೆದುಕೊಳ್ಳುವುದಕ್ಕೂ, ಅವಧಿಗೆ ಮುಂಚಿನ ಅಥವಾ ಕಷ್ಟದ ಹೆರಿಗೆಗೂ, ಹುಟ್ಟುವಾಗ ಉಸಿರು ಕಟ್ಟುವುದಕ್ಕೂ ನಂಟಿದೆ ಎಂದು 1861ರಲ್ಲಿ ಅವರು ವೈದ್ಯರ ಮುಂದೆ ವಾದಿಸಿದರು.

ಉಸಿರಾಟಕ್ಕೆ ವಿದ್ಯುತ್ ಬಳಕೆ ಗಟ್ಟಿಯಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯು ವಪೆ. ಅದನ್ನು ಆಡಿಸುವ ನರ ಕುತ್ತಿಗೆಯಲ್ಲಿ ಹಾದುಹೋಗುತ್ತದೆ. 1948ರಲ್ಲಿ ಅಮೆರಿಕದ ಸಾರ್ನೋಫ್ ಮತ್ತು ಸಂಗಡಿಗರು ಆ ನರಕ್ಕೆ ಕರೆಂಟ್ ಕೊಟ್ಟು ರೋಗಿಗಳಿಗೆ ಉಸಿರಾಡಿಸಿದರು. 1960ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಗ್ಲೆನ್ ಇದಕ್ಕಾಗಿ ದೇಹದೊಳಗೆ ಇಡುವ ಸಾಧನ ತಂದರು. ಮುಂದೆ, ಬೆನ್ನುಹುರಿಗೆ ಪೆಟ್ಟಾದವರ ಹೊಟ್ಟೆಯ ಮೇಲೆ ಪ್ಯಾಡ್ ಅಂಟಿಸಿ, ಕರೆಂಟಿನಿಂದ ಕೆಮ್ಮಿಗೆ ಬಲ ಕೊಡುವ ಪ್ರಯೋಗಗಳೂ ನಡೆದವು.

ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೂ ಇದು ಆದೀತೆಂಬ ಆಸೆ ಹುಟ್ಟಿದ್ದು ಹೀಗೆ. ಆದರೆ ಒಂದು ಮಾತು ನೆನಪಿರಲಿ: ಈ ಮಕ್ಕಳಲ್ಲಿ ಪೆಟ್ಟಾಗಿರುವುದು ಮೆದುಳಿಗೆ. ಕರೆಂಟ್ ಸ್ನಾಯುವನ್ನು ಬಿಗಿಸುತ್ತದೆ, ಮೆದುಳನ್ನು ವಾಸಿ ಮಾಡುವುದಿಲ್ಲ. ಮಕ್ಕಳ ಮೇಲೆ ನಡೆದಿರುವ ಅಧ್ಯಯನಗಳೂ ಚಿಕ್ಕವು. ಆದ್ದರಿಂದ ಇದು ವ್ಯಾಯಾಮದ ಜೊತೆಗಿನ ನೆರವು ಅಷ್ಟೇ.

"ಕರೆಂಟ್ ಇಟ್ಟು ಪೂರ್ತಿ ವಾಸಿ ಮಾಡ್ತೀವಿ" ಎನ್ನುವವರಿಗೆ ಸಾಲ ಮಾಡಿ ದುಡ್ಡು ಕೊಡಬೇಡಿ. ಮಗುವಿಗೆ ಫಿಟ್ಸ್ ಬರುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಯಂತ್ರ ಕೊಂಡು ಮನೆಯಲ್ಲಿ ನೀವೇ ಪ್ರಯೋಗ ಮಾಡಬೇಡಿ. ಊಟ ಮಾಡಿಸುವಾಗ ಮಗುವನ್ನು ನೆಟ್ಟಗೆ ಕೂರಿಸಿ, ಕಫ ತೆಗೆಸುವ ವಿಧಾನವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ.