ಹಾಡಿದವರ ಪಾಲು

ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿ ದಂಡೆ ಮೇಲೆ, ರಾಚಪ್ಪಾಜಿಯ ಗದ್ದುಗೆ ಇದೆ. ಶಿವರಾತ್ರಿ ಹೊತ್ತಿಗೆ ಅಲ್ಲಿ ಜಾತ್ರೆ ಕಟ್ಟುತ್ತೆ. ತಂಬೂರಿ, ತಾಳ, ಡಕ್ಕೆ ಹಿಡಿದ ನೀಲಗಾರರು ಇರುಳೆಲ್ಲ ಮಂಟೇಸ್ವಾಮಿ ಕಾವ್ಯ ಹಾಡ್ತಾರೆ. ದಲಿತರು, ಇತರ ಕೆಳಜಾತಿಗಳವರು ಇವರು. ಅಕ್ಷರವನ್ನು ನಮ್ಮಿಂದ ದೂರ ಇಟ್ಟ ಕಾಲದಲ್ಲಿ ಈ ಕಾವ್ಯ ಉಳಿದದ್ದು ಇವರ ನಾಲಿಗೆ ಮೇಲೆ. ಕೋರಣ್ಯದ ಜೋಳಿಗೆಗೆ ಬಿದ್ದ ಕಾಳೇ ಇವರ ಸಂಭಾವನೆ.

ಅತ್ತ ಸಿನಿಮಾ ಹಾಡಿನ ರಾಯಧನಕ್ಕಾಗಿ ದೊಡ್ಡ ಜಗಳವೇ ನಡೆದಿದೆ. ಆ ಚರಿತ್ರೆ ನಮಗೂ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಹಾಡು ಬರೆದವನನ್ನು, ರಾಗ ಹಾಕಿದವನನ್ನು ಕಂಡಿತು, ಹಾಡಿದವನನ್ನು ಕಾಣಲಿಲ್ಲ. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ಪಾಲು ಬೇಕೆಂದರು. ಕೂಲಿ ಕೊಟ್ಟ ಮೇಲೆ ಲೆಕ್ಕ ಮುಗೀತು ಅಂದರು ರಫಿ. ಇಬ್ಬರೂ ಕೆಲಕಾಲ ಜೊತೆಯಲ್ಲಿ ಹಾಡುವುದನ್ನೇ ಬಿಟ್ಟರು. 1977ರಲ್ಲಿ ಸುಪ್ರೀಂ ಕೋರ್ಟು, ಬೇರೆ ಕರಾರಿಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಿದ ನಿರ್ಮಾಪಕನೇ ಸಿನಿಮಾ ಸಂಗೀತದ ಒಡೆಯ ಎಂದಿತು. ಗದ್ದೆ ಉತ್ತವನು ಯಾರು, ಯಜಮಾನ ಯಾರು ಎಂಬ ನಮ್ಮೂರ ಹಳೇ ಪ್ರಶ್ನೆಯೇ ಅಲ್ಲವೇ ಇದು? ಅದೇ ತೀರ್ಪಿಗೆ ತಮ್ಮ ಮಾತು ಸೇರಿಸಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಹಾಡುವವರಿಗೆ ಹಕ್ಕಿಲ್ಲದಿರುವುದರ ಕಡೆ ಸಂಸತ್ತಿನ ಗಮನ ಸೆಳೆದರು.

ಸಂಸತ್ತು ಕಣ್ಣು ಬಿಟ್ಟದ್ದು 1994ರಲ್ಲಿ. ಹಾಡುವವರಿಗೆ ಪ್ರದರ್ಶನದ ಹಕ್ಕು ಬಂತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಚಿತ್ರಮಂದಿರದ ಹೊರಗೆ ಹಾಡು ದುಡಿದದ್ದರಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲು. ಅದನ್ನು ಬಿಟ್ಟುಕೊಡುತ್ತೇನೆಂದು ಬರೆಸಿಕೊಂಡರೂ ನಡೆಯದು. ಹಾಡಿದವರಿಗೂ ವ್ಯಾಪಾರದ ಬಳಕೆಯಲ್ಲಿ ರಾಯಧನ. ಇದಕ್ಕಾಗಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ವಾದಿಸಿದ್ದರು.

ಇದರಲ್ಲಿ ನೀಲಗಾರನ ಪಾಲು ಎಲ್ಲಿ? ಮಂಟೇಸ್ವಾಮಿ ಕಾವ್ಯಕ್ಕೆ ಇಂಥವರೇ ಬರೆದರು ಅನ್ನೋ ಹೆಸರಿಲ್ಲ. ಹೆಸರಿಲ್ಲದ ಮೇಲೆ ಬರೆದವನ ಪಾಲೂ ಇಲ್ಲ. ಧ್ವನಿಮುದ್ರಣದ ಒಡೆತನ ಮುದ್ರಿಸಿದವನದು. ಆದರೆ ಹಾಡು ನಡೆಯುವುದು ಹೇಗೆ ನೋಡಿ: ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುವ ಸಾಲನ್ನು ಒಬ್ಬರು ಬೇಗ ಮುಗಿಸಬಹುದು, ಇನ್ನೊಬ್ಬರು ಕೇಳುವವರ ಮುಖ ನೋಡಿ ಬೆಳೆಸಬಹುದು. ನೆನಪಿನಿಂದ ಹಾಡ್ತಾ ಅಲ್ಲೇ ಕಟ್ಟುತ್ತಾರೆ. ಸಾಹಿತ್ಯ, ರಾಗ, ಕಂಠ ಮೂರೂ ಅವರವೇ. ಕಾಯ್ದೆಗೆ ಕಂಡದ್ದು ಕಂಠ ಮಾತ್ರ. ಅದರ ರಾಯಧನಕ್ಕೂ ಕರಾರು ಬೇಕು, ಮಾರಾಟದ ಲೆಕ್ಕ ಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಕಾಗದ ಒಯ್ದವರು ಲೆಕ್ಕ ಕೊಟ್ಟಾರೆ?

ಕಾವ್ಯ ಯಾರೊಬ್ಬರ ಸ್ವತ್ತೂ ಆಗಬಾರದು, ಇದು ನಮ್ಮ ಖಚಿತ ನಿಲುವು. ಯಾವ ನೀಲಗಾರನೂ ಇನ್ನೊಬ್ಬನ ಬಾಯಿಗೆ ಬೀಗ ಹಾಕೋದು ಬೇಡ. ನಾವು ಕೇಳುತ್ತಿರುವುದು ಮುದ್ರಣದಿಂದ ಬಂದ ದುಡ್ಡಿನ ಪಾಲನ್ನು. ಹಾಡಿದವರ ಕೈಗೆ ಕರಾರಿನ ಒಂದು ಪ್ರತಿ ಅಂದೇ ಬರಬೇಕು, ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು. ತಾಳ ಹಾಕಿದವರ, ಡಕ್ಕೆ ಬಡಿದವರ ಹೆಸರೂ ಪಾಲೂ ಅದರಲ್ಲೇ ಇರಬೇಕು.