ಒಂದೇ ಬಂಡೆ, ಎರಡು ಕಥೆ

ಶಿಲ್ಪವೊಂದನ್ನು ಕಂಡೊಡನೆ ನಾವು ಕೇಳುವ ಮೊದಲ ಪ್ರಶ್ನೆ ‘ಇದು ಯಾವ ಕಥೆ?’ ಎಂಬುದು. ಉತ್ತರ ಸಿಕ್ಕಿತೆಂದರೆ ನೋಡುವ ಕೆಲಸವೂ ಮುಗಿದಂತೆ. ಆದರೆ ತಮಿಳುನಾಡಿನ ಮಾಮಲ್ಲಪುರದ ಒಂದು ಬಂಡೆ ಇಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ. ಆ ಪ್ರಶ್ನೆಗೆ ಅಲ್ಲಿ ಎರಡು ಉತ್ತರಗಳಿವೆ. ವಿದ್ವಾಂಸರ ವಾದ ನೂರು ವರ್ಷ ಕಳೆದರೂ ಮುಗಿದಿಲ್ಲ.

ಮಾಮಲ್ಲಪುರ ಪಲ್ಲವರ ರೇವುಪಟ್ಟಣ. 642ರಲ್ಲಿ ಬಾದಾಮಿಯನ್ನು ಗೆದ್ದ ಒಂದನೇ ನರಸಿಂಹವರ್ಮನಿಗೆ ‘ಮಾಮಲ್ಲ’ ಎಂಬ ಬಿರುದಿತ್ತು. ಈ ಉಬ್ಬುಶಿಲ್ಪ ಅವನ ಕಾಲದ್ದೆಂಬುದು ಹಲವು ವಿದ್ವಾಂಸರ ಮತ. ಅಗಲ ಸುಮಾರು 96 ಅಡಿ, ಎತ್ತರ 43 ಅಡಿ. ದೇವತೆಗಳು, ಋಷಿಗಳು, ಬೇಡರು, ಆನೆಗಳು ಎಲ್ಲ ಸೇರಿ ನೂರಕ್ಕೂ ಹೆಚ್ಚು ಆಕೃತಿಗಳು ಬಂಡೆಯ ನಡುವಿನ ಒಂದು ಸೀಳಿನತ್ತ ಮುಖ ಮಾಡಿವೆ. ಸೀಳಿನ ಎಡಗಡೆ ತಪಸ್ವಿಯೊಬ್ಬ ಎರಡೂ ಕೈ ಮೇಲೆತ್ತಿ ಒಂಟಿ ಕಾಲಲ್ಲಿ ನಿಂತಿದ್ದಾನೆ. ಎದುರಿಗೆ ವರ ಕೊಡುವ ಭಂಗಿಯಲ್ಲಿ ನಾಲ್ಕು ಕೈಗಳ ಶಿವ. ಈ ತಪಸ್ವಿ ಯಾರು?

ಬಳಕೆಯಲ್ಲಿರುವ ಹೆಸರು ‘ಅರ್ಜುನನ ತಪಸ್ಸು’. ಪಾಶುಪತಾಸ್ತ್ರಕ್ಕಾಗಿ ಅರ್ಜುನ ತಪಸ್ಸು ಮಾಡಿದ ಕಥೆಯನ್ನು ಭಾರವಿ ಕಾವ್ಯವಾಗಿಸಿದ್ದ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಭಾರವಿಯ ಹೆಸರು ಹೇಳುವುದರಿಂದ, ಆ ಹೊತ್ತಿಗೆ ಕವಿ ದಕ್ಷಿಣದಲ್ಲಿ ಪ್ರಸಿದ್ಧನಾಗಿದ್ದನೆಂಬುದು ಖಚಿತ. ಶಿವನ ಪಕ್ಕದ ಕುಳ್ಳ ಗಣವೇ ಅಸ್ತ್ರದ ಮೂರ್ತರೂಪ ಎನ್ನುವವರೂ ಇದ್ದಾರೆ.

1914ರಲ್ಲಿ ವಿಕ್ಟರ್ ಗೊಲೂಬೆವ್ ಎಂಬ ವಿದ್ವಾಂಸ ಬೇರೆಯೇ ಅರ್ಥ ಮುಂದಿಟ್ಟ. ಸೀಳಿನಲ್ಲಿ ನಾಗರು ಕೈಮುಗಿದು ಮೇಲೇರುತ್ತಿದ್ದಾರೆ. ಬಂಡೆಯ ನೆತ್ತಿಯಲ್ಲಿ ನೀರಿನ ತೊಟ್ಟಿಯ ಕುರುಹಿದೆ. ಅಂದರೆ ಸೀಳಿನಲ್ಲಿ ನಿಜವಾಗಿಯೇ ನೀರು ಧುಮುಕುತ್ತಿದ್ದಿರಬೇಕು. ಹಾಗಾದರೆ ಇದು ಗಂಗಾವತರಣ, ತಪಸ್ವಿ ಭಗೀರಥ.

ಎರಡಕ್ಕೂ ಆಕ್ಷೇಪಗಳಿವೆ. ಅರ್ಜುನನಾದರೆ ಕಿರಾತನೊಡನೆ ನಡೆದ ಕಾಳಗವೆಲ್ಲಿ? ಭಗೀರಥನಾದರೆ ಶಿವ ಗಂಗೆಯನ್ನು ಜಟೆಯಲ್ಲಿ ಏಕೆ ಹಿಡಿದಿಲ್ಲ? ನಿರ್ಣಯ ಕೊಡಬಲ್ಲ ಶಾಸನ ಬಂಡೆಯ ಮೇಲಿಲ್ಲ.

ಆನೆಯ ಕಾಲ ಬಳಿ ಒಂದು ಬೆಕ್ಕು ತಪಸ್ವಿಯಂತೆಯೇ ಕೈಯೆತ್ತಿ ನಿಂತಿದೆ, ಸುತ್ತ ಇಲಿಗಳು. ಈ ಕಪಟ ಬೆಕ್ಕಿನ ಕಥೆ ಮಹಾಭಾರತದ ಉದ್ಯೋಗಪರ್ವದ್ದು. ಆದರೆ ಅಲ್ಲಿ ಬೆಕ್ಕು ತಪಸ್ಸಿಗೆ ನಿಲ್ಲುವುದು ಗಂಗೆಯ ದಡದಲ್ಲಿ! ಹೀಗೆ ಬೆಕ್ಕೂ ಎರಡೂ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ.

ಹಾಗಾದರೆ ಶಿಲ್ಪಿ ಎರಡನ್ನೂ ಹೇಳಬಯಸಿದ್ದನೇ? ಈ ಸಂದಿಗ್ಧ ಉದ್ದೇಶಪೂರ್ವಕವಾದುದು, ಅರಸನ ಕೀರ್ತಿಗೆ ಅದರಿಂದ ಲಾಭವೇ ಇತ್ತು ಎಂದು ಕಲಾ ಇತಿಹಾಸಕಾರ್ತಿ ಪದ್ಮಾ ಕೈಮಲ್ 1994ರಲ್ಲಿ ವಾದಿಸಿದರು. ಅರ್ಜುನನಲ್ಲಿ ರಾಜನ ಶೌರ್ಯ ಕಂಡರೆ, ನೀರು ತಂದ ಭಗೀರಥನಲ್ಲಿ ಪ್ರಜಾಹಿತ ಕಾಣುತ್ತದೆ. ಕಾವ್ಯಲೋಕದಲ್ಲಿ ಇದು ಹೊಸತೂ ಅಲ್ಲ. ಒಂದೇ ಮಾತಿನಲ್ಲಿ ಎರಡು ಅರ್ಥ ಹೊಮ್ಮಿಸುವ ಶ್ಲೇಷಾಲಂಕಾರವನ್ನು ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ವಿವರಿಸಿದ್ದಾನೆ. ಅವನಿದ್ದುದು ಪಲ್ಲವರ ಕಂಚಿಯಲ್ಲೇ ಎಂಬುದು ಪ್ರಚಲಿತ ಅಭಿಪ್ರಾಯ. ನಮ್ಮ ‘ಕವಿರಾಜಮಾರ್ಗ’ಕ್ಕೂ ಆ ಗ್ರಂಥವೇ ಆಧಾರ.

ಹಾಗೆಂದು ಯಾರು ಏನು ಹೇಳಿದರೂ ಸರಿ ಎಂದಲ್ಲ. ನಾಗರು, ತೊಟ್ಟಿ, ಗಣ, ಬೆಕ್ಕು ಎಲ್ಲಕ್ಕೂ ಲೆಕ್ಕ ಕೊಡಬಲ್ಲ ಅರ್ಥ ಮಾತ್ರ ನಿಲ್ಲುತ್ತದೆ. ಎರಡು ಅರ್ಥಗಳು ಹೀಗೆ ನಿಂತರೆ, ಒಂದನ್ನು ಕೆಡವಲೇಬೇಕೆಂಬ ಹಟ ಬೇಡ. ಒಂದೇ ಹೆಸರನ್ನು ನಂಬಿ ಹೋದವನು ಒಬ್ಬ ತಪಸ್ವಿಯನ್ನು ಕಂಡು ಹಿಂದಿರುಗುತ್ತಾನೆ. ಎರಡನ್ನೂ ಬಲ್ಲವನು ಬಂಡೆಯ ಮೂಲೆಮೂಲೆಯನ್ನೂ ಹುಡುಕುತ್ತಾನೆ.